ಕಲ್ಮೇಶ್ವರ ಆರ್ಟ್ಸ್‌ನ ಬಲಗೈ

ಈ ಕಥೆಯನ್ನು ಹೇಳಬೇಕಾದವರು ಡಾಕ್ಟರ್ ತಬಸ್ಸುಮ್ ಮುಲ್ಲಾ. ನರಗಳ ವಿಷಯ ಅವರಿಗೆ ಗೊತ್ತು, ಅದನ್ನು ತಿಳಿಯಾಗಿ ಹೇಳುವುದೂ ಗೊತ್ತು. ನಾನು ಅವರ ಕೈಕೆಳಗೆ ಯಂತ್ರ ನೋಡಿಕೊಳ್ಳುವ ಟೆಕ್ನಿಷಿಯನ್. ಮದುವೆಯಾದ ಮೇಲೆ ಸಂಜೆ ಪಾಲಿಟೆಕ್ನಿಕ್‌ಗೆ ಹೋಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಅರ್ಧ ಪಾಠ ತಲೆಗೆ ಹತ್ತಿತು, ಇನ್ನರ್ಧದ ಹೊತ್ತಿಗೆ ತೂಕಡಿಸುತ್ತಿದ್ದೆ. ಅಂಥವಳು ಇದನ್ನು ಬರೆಯಲು ಕೂತಿರುವುದು ಅಧಿಕಪ್ರಸಂಗವೇ ಸರಿ. ವಿಜ್ಞಾನದಲ್ಲಿ ಎಲ್ಲಾದರೂ ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕು. ಮನೆಯೊಳಗಿನ ಮಾತುಗಳನ್ನೂ ಹೇಳಬೇಕಾಗಿ ಬಂದಿದೆ, ಅದಕ್ಕೂ ಕ್ಷಮೆಯಿರಲಿ. ಡಾಕ್ಟರಿಗೆ ಗೊತ್ತಿಲ್ಲದ ಭಾಗ ಅದೊಂದೇ. ಅದನ್ನು ಬಿಟ್ಟು ಹೇಳಿದರೆ ಇದು ಒಂದು ಯಂತ್ರದ ವರದಿಯಾಗುತ್ತದೆ, ಅಷ್ಟೆ.

ನಮ್ಮದು ಗದಗ. ಮುಳಗುಂದ ನಾಕಾದ ಕಡೆ ಹಳೆಯ ಹತ್ತಿ ಗೋದಾಮೊಂದನ್ನು ರಿಪೇರಿ ಮಾಡಿಸಿ ಅಲ್ಲಿ ಕೈ ಕೇಂದ್ರ ತೆರೆದರು. ಲಕ್ವಾ ಹೊಡೆದು ಕೈ ಬಿದ್ದುಹೋದವರಿಗೆ ಕೈ ಮರಳಿ ಕೊಡುವುದು ಅಲ್ಲಿಯ ಕೆಲಸ. ಹೇಗೆಂದರೆ, ನಾವು ಒಂದು ಲೋಟ ಎತ್ತುವಾಗ ಮನಸ್ಸು 'ಎತ್ತು' ಎಂಬ ಒಂದೇ ಮಾತು ಹೇಳುತ್ತದೆ. ಬೆರಳು ಎಷ್ಟು ಬಿಗಿಯಬೇಕು, ಮಣಿಕಟ್ಟು ಎಲ್ಲಿ ತಿರುಗಬೇಕು, ಎಲ್ಲಿ ನಿಧಾನವಾಗಬೇಕು ಎಂಬ ಸಣ್ಣ ಸಣ್ಣ ರೂಢಿಗಳು ಅದರ ಹಿಂದೆ ತಾವಾಗಿಯೇ ಓಡುತ್ತವೆ. ಲಕ್ವಾ ಹೊಡೆದವರಲ್ಲಿ ಆ ಒಂದು ಮಾತು ಉಳಿದಿರುತ್ತದೆ, ರೂಢಿಗಳು ಅಳಿಸಿಹೋಗಿರುತ್ತವೆ. ನಾವು ಮೊಣಕೈ ಕೆಳಗೆ, ಚರ್ಮದಡಿ, ಅಕ್ಕಿಕಾಳಿನಷ್ಟು ಗಾತ್ರದ ಒಂದು ಎಲೆಕ್ಟ್ರಾನಿಕ್ ತುಣುಕನ್ನು ಕೂರಿಸಿ ಆ ರೂಢಿಗಳನ್ನು ನರಕ್ಕೆ ಹೊಸದಾಗಿ ಕಲಿಸುತ್ತೇವೆ. ಆ ರೂಢಿಗಳ ಮೊತ್ತಕ್ಕೆ ನಮ್ಮ ಕೇಂದ್ರದಲ್ಲಿ ಕೈಜಾಡು ಎನ್ನುತ್ತಾರೆ.

ಕೈಜಾಡನ್ನು ಎಲ್ಲಿಂದ ತರುವುದು ಎಂಬುದೇ ತೊಡಕಿನ ಪ್ರಶ್ನೆ. ಒಬ್ಬ ಮನುಷ್ಯ ತನ್ನ ಕೈಯಿಂದ ಮಾಡಿಟ್ಟ ನೂರಾರು ವಸ್ತುಗಳು ಬೇಕು. ಕುಂಚದ ಕೂದಲು ಎಲ್ಲಿ ಒತ್ತಿತು, ಲೇಖನಿ ಎಲ್ಲಿ ಮೇಲೆದ್ದಿತು, ಲೋಹ ಉಜ್ಜುವ ಅರ ಎಷ್ಟು ವಾಲಿತು ಎಂದು ಸ್ಕ್ಯಾನರ್ ಓದಿ, ಆ ಕೈ ಹೇಗೆ ಓಡಾಡಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತದೆ. ಅಮೆರಿಕದವರು ತಮ್ಮ ಚಿತ್ರಕಾರರು, ಸಂಶೋಧಕರು, ದೇಶ ಕಟ್ಟಿದವರು ಬಿಟ್ಟುಹೋದ ಒಂದೊಂದು ಗೀಟನ್ನೂ ಹಾಗೆ ಓದಿಸಿ ಲೋಕಕ್ಕೆಲ್ಲ ಬಿಟ್ಟಿಯಾಗಿ ಬಿಟ್ಟಿದ್ದರು. ನಮ್ಮವರ ಕೈಗಳನ್ನು ಯಾರೂ ಹಾಗೆ ಕೂಡಿಡಲಿಲ್ಲ. ಹೀಗಾಗಿ ಗದಗಿನಲ್ಲಿ ಕೈ ಕಳೆದುಕೊಂಡವರಿಗೆ ಸಿಗುತ್ತಿದ್ದದ್ದು ಅಮೆರಿಕದ ದೊಡ್ಡವರ ಕೈಗಳು ಮಾತ್ರ.

ಮೊದಮೊದಲು ಊರಿಗೆ ಇದೊಂದು ತಮಾಷೆಯಾಯಿತು. ಹೊಂಬಳದ ಬಸ್ಸಿನ ಕಂಡಕ್ಟರನಿಗೆ ಅಬ್ರಹಾಂ ಲಿಂಕನ್ನರ ಕೈ ಬಂತು. ಟಿಕೆಟ್ ಹರಿದು ಕೊಡುವಾಗ ಏನೋ ಒಪ್ಪಂದಕ್ಕೆ ಸಹಿ ಹಾಕಿದ ಗಾಂಭೀರ್ಯ.

"ಏ ಲಿಂಕನ್ನಾ, ಚಿಲ್ಲರಿ ಕೊಡೋ," ಎಂದು ಹಿಂದಿನ ಸೀಟಿನವರು ಕೂಗುತ್ತಿದ್ದರು.

"ಗುಲಾಮಗಿರಿ ತೆಗದೀನಿ, ಇನ್ನ ಚಿಲ್ಲರಿ ಬ್ಯಾರೆ ಬೇಕೇನ್ ನಿಮಗ?" ಎನ್ನುತ್ತಿದ್ದ.

ಗಿರ್ಮಿಟ್ ಮಾರುವ ಮಲ್ಲವ್ವನಿಗೆ ಮೇರಿ ಕ್ಯಾಸಟ್ ಎಂಬ ಚಿತ್ರಕಾರ್ತಿಯ ಕೈ. ತಾಯಿ-ಮಕ್ಕಳ ಚಿತ್ರ ಬರೆದು ಹೆಸರಾದವರು. ಮಲ್ಲವ್ವ ಸೇವು, ಉಳ್ಳಾಗಡ್ಡಿ, ಕೊತ್ತಂಬರಿ ಉದುರಿಸುವ ರೀತಿಯೇ ಬೇರೆಯಾಗಿ, ತಿನ್ನುವವರು ಒಂದು ಗಳಿಗೆ ಪ್ಲೇಟನ್ನೇ ನೋಡುತ್ತ ನಿಲ್ಲುತ್ತಿದ್ದರು. "ನೋಡಾಕ ಭಾಳ ಚಂದ ಐತಿ ಬೇ, ಖಾರ ಎಲ್ಲೈತಿ?" ಎಂದು ಕೇಳಿದವರೂ ಉಂಟು. ಜನ ನಕ್ಕರು, ಒಗ್ಗಿಕೊಂಡರು. ನಾನೂ ನಕ್ಕವಳೇ. ಆಮೇಲೆ ನನ್ನ ಮನೆಯವರಿಗೇ ಲಕ್ವಾ ಹೊಡೆಯಿತು.

ನನ್ನ ಗಂಡನ ಹೆಸರು ಗುರುಪಾದಪ್ಪ. ಅಣ್ಣತಮ್ಮ ಇಬ್ಬರೂ ಸೇರಿ ಕಲ್ಮೇಶ್ವರ ಆರ್ಟ್ಸ್ ಎಂಬ ಬೋರ್ಡ್ ಬರೆಯುವ ಅಂಗಡಿ ನಡೆಸುತ್ತಿದ್ದರು. ಪ್ಲಾಸ್ಟಿಕ್ ಫ್ಲೆಕ್ಸ್ ಸರಕಾರದಿಂದ ಬಂದ್ ಆದ ಮೇಲೆ ಕೈಯಿಂದ ಬರೆದ ಬೋರ್ಡುಗಳಿಗೆ ಮತ್ತೆ ಕಾಲ ಬಂದಿತ್ತಲ್ಲ, ಆ ವರ್ಷಗಳಲ್ಲಿ ಅವರ ಕೈಗೆ ಬಿಡುವಿರಲಿಲ್ಲ. ನನ್ನ ಭಾವನವರಿಗೆ, ಅಂದರೆ ಮನೆಯವರ ಅಣ್ಣನಿಗೆ, ಮದುವೆಯಾಗಿರಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದರು. ನಮ್ಮ ಕಡೆ ಗಂಡನ ಅಣ್ಣನೆಂದರೆ ಮಾವನಿದ್ದ ಹಾಗೆ. ಎದುರಿಗೆ ಸೆರಗು ಹೊದ್ದೇ ನಿಲ್ಲಬೇಕು, ಹೆಸರು ಹಿಡಿಯಬಾರದು, ಕೈಯಿಂದ ಕೈಗೆ ಏನನ್ನೂ ಕೊಡಬಾರದು. ಅವರಿದ್ದಷ್ಟು ಕಾಲ ನಾನು ಅವರ ಮುಖವನ್ನು ಸರಿಯಾಗಿ ನೋಡಿದವಳಲ್ಲ. ಅಂಗಡಿಗೆ ಬುತ್ತಿ ಒಯ್ದರೂ ಹೊಸ್ತಿಲ ಮೇಲಿಟ್ಟು ತಿರುಗಿ ಬಂದುಬಿಡುತ್ತಿದ್ದೆ. ಒಳಗೆ ಇಬ್ಬರೂ ಹೇಗೆ ಕೂತು ಕೆಲಸ ಮಾಡುತ್ತಾರೆ ಎಂದು ಒಂದು ದಿನವೂ ಇಣುಕಲಿಲ್ಲ. ಆದರೆ ನಾನು ಸಂಜೆ ಕ್ಲಾಸಿಗೆ ಹೋಗಲಿ ಎಂದು ಮನೆಯಲ್ಲಿ ಮೊದಲು ಹೇಳಿದವರು ಅವರೇ ಅಂತೆ. ನನಗೆ ನೇರವಾಗಿ ಹೇಳಲಿಲ್ಲ. ತಮ್ಮನಿಗೆ ಹೇಳಿದರು.

ಭಾವನವರು ಒಂದು ಬೇಸಿಗೆಯಲ್ಲಿ ಎದೆನೋವಿನಿಂದ ಹೋಗಿಬಿಟ್ಟರು. ಅಂಗಡಿ ಮುಚ್ಚಿತು. ಮನೆಯವರು ಬಸ್ ಬಾಡಿ ಕಟ್ಟುವಲ್ಲಿ ಸ್ಪ್ರೇ ಪೇಂಟಿನ ಕೆಲಸಕ್ಕೆ ಸೇರಿದರು. "ಒಬ್ಬನಾ ಬೋರ್ಡ್ ಬರಿಯಾಕ ಬೇಜಾರ," ಎನ್ನುತ್ತಿದ್ದರು. ಆ ಮಾತಿಗೆ ನಾನು ಹೆಚ್ಚಿನ ಅರ್ಥ ಹುಡುಕಲಿಲ್ಲ.

ಲಕ್ವಾ ಹೊಡೆದದ್ದು ಮುಂಜಾನೆ, ಚಹಾ ಕುಡಿಯುವಾಗ. ಕಪ್ಪು ಕೈಯಿಂದ ಜಾರಿತು, ಬಾಯಿ ಸೊಟ್ಟಗಾಯಿತು. ಜೀವ ಉಳಿಯಿತು. ಬಲಗೈ ಹೋಯಿತು. ಮಾತು ನಾಲ್ಕಾರು ಪದಗಳಿಗೆ ಇಳಿಯಿತು: ಹೌದು, ಬ್ಯಾಡ, ನೀರು, ಅಣ್ಣ, ನೀಲಿ. ನೀಲಿ ಅಂದರೆ ನಾನು. ನನ್ನ ಹೆಸರು ನೀಲಗಂಗಾ. ಹೇಳಿದ್ದೆಲ್ಲ ತಿಳಿಯುತ್ತಿತ್ತು, ತಿರುಗಿ ಹೇಳಲು ಬರುತ್ತಿರಲಿಲ್ಲ. ಕೈ ಮರಳಿ ಬಂದರೆ ಬರೆದಾದರೂ ನನ್ನ ಜೊತೆ ಮಾತಾಡಬಹುದು ಎಂಬುದೇ ನನಗೆ ಉಳಿದ ಆಸೆ.

"ನಿಮ್ಮ ಮನಿಯವರು ಬ್ರಷ್ ಹಿಡದವರು," ಎಂದರು ಡಾಕ್ಟರ್ ಮುಲ್ಲಾ. "ಚಿತ್ರಕಾರನ ಕೈನ ಕೊಡೂಣು. ಮೋರ್ಸ್ ಸಾಹೇಬರದು ಹೊಂದತೈತಿ."

"ತಂತಿ ಕಂಡುಹಿಡದ ಮೋರ್ಸ್ ಏನ್ರಿ ಮೇಡಂ?"

"ಅವರ. ತಂತಿಗಿಂತ ಮೊದಲ ಅವರು ಚಿತ್ರ ಬರೀತಿದ್ರು. ನಿಮಗ ಪಾಠದಾಗ ಹೇಳಲಿಲ್ಲೇನು?"

ಹೇಳಿರಲಿಲ್ಲ. ಅಥವಾ ನಾನು ತೂಕಡಿಸಿದ್ದೆ. ಮೋರ್ಸ್ ಎಂದರೆ ನನಗೆ ಚುಕ್ಕಿ ಮತ್ತು ಗೀಟು ಅಷ್ಟೇ ಗೊತ್ತು.

ಕೈ ಬಂತು. ಮೂರನೆಯ ವಾರಕ್ಕೆ ಮನೆಯವರ ಬಲಗೈ ಪೆನ್ಸಿಲು ಹಿಡಿಯಿತು. ನಾವು ಪೆನ್ಸಿಲು ಹಿಡಿಯುವ ಹಾಗಲ್ಲ. ತುದಿಯಿಂದ ದೂರ, ಹಗುರಾಗಿ. ಪಕ್ಕದ ಮನೆಯ ದ್ಯಾಮವ್ವಜ್ಜಿ ನೋಡಲು ಬಂದು ಎದುರಿಗೆ ಕೂತಿದ್ದಳು. ಕೈ ತಾನಾಗಿ ಓಡಿತು. ರಟ್ಟಿನ ಮೇಲೆ ಅಜ್ಜಿಯ ಮುಖ ಎದ್ದು ಬಂತು. ಕಣ್ಣಿನ ಕೆಳಗಿನ ಚೀಲ, ತುಟಿಯ ಮೂಲೆಯ ಎಲೆಯಡಿಕೆಯ ಕಲೆ, ಹೀಗೆ ಒಂದೂ ಬಿಡದೆ.

"ಅಯ್ಯ ನನ ಶಿವನ, ನಾ ಇಷ್ಟ ಮುದಿಕಿ ಆಗೇನೇನೋ?" ಎಂದು ಅಜ್ಜಿ ಗಾಬರಿಯಾದಳು. "ಏ ಗುರುಪಾದ, ಒಂದ್ ಹತ್ತು ವರ್ಷ ಕಡಿಮಿ ಮಾಡೋ. ನಿಮ್ಮ ಅಮೆರಿಕದಾಂವಗ ಹೇಳು."

ಓಣಿ ನಕ್ಕಿತು. ಮನೆಯವರು ನಗಲಿಲ್ಲ. ರಟ್ಟನ್ನು ತಿರುವಿ, ಅದರ ಹಿಂಬದಿಗೆ ನನ್ನ ಹೆಸರು ಬರೆಯಲು ಹೊರಟರು. ಮನಸ್ಸು 'ನೀ' ಎನ್ನುತ್ತಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಕೈಗೆ ಆ ಸುತ್ತು ತಿಳಿಯದು. ಬಲಕ್ಕೆ ವಾಲಿದ ತೆಳ್ಳನೆಯ ಗೀಟುಗಳು ಬಂದವು, ಒಂದರ ಪಕ್ಕ ಒಂದು. ಎಂಟು ಹತ್ತು ಸಲ ಯತ್ನಿಸಿದರು. ಆಮೇಲೆ ಪೆನ್ಸಿಲು ಕೆಳಗಿಟ್ಟರು.

ಮನೆಯಲ್ಲಿ ಆ ಕೈಯ ಜೊತೆ ಬದುಕುವುದನ್ನು ಕಲಿತೆವು. ಅದಕ್ಕೆ ಒಂದೇ ಕೈಯಿಂದ ರೊಟ್ಟಿ ಮುರಿಯಲು ಬರುತ್ತಿರಲಿಲ್ಲ; ನಾನೇ ಮುರಿದಿಡುತ್ತಿದ್ದೆ. ಕೆಲವು ಮಧ್ಯಾಹ್ನ ತೋರುಬೆರಳು ಮಂಚದ ಪಟ್ಟಿಯ ಮೇಲೆ ಟಕಟಕ ಬಡಿಯುತ್ತಿತ್ತು. ಏನಾದರೂ ಹೇಳುತ್ತಿದ್ದಾರೋ ಎಂದು ನನಗೆ ಆಸೆ. ಕೂತು ಚುಕ್ಕಿ, ಗೀಟು ಬರೆದುಕೊಂಡು ಬಿಡಿಸಿ ನೋಡಿದೆ. ಎತ್ತಣಿಂದ ಓದಿದರೂ ಅರ್ಥವಿಲ್ಲದ ಅಕ್ಷರಗಳು. "ಅದು ಬೆರಳಿನ ನಡುಕ ನೀಲಾ, ಅದಕ್ಕ ಅರ್ಥ ಇಲ್ಲ," ಎಂದರು ಡಾಕ್ಟರ್. ಆದರೂ ಮುಂದೆ ಎಷ್ಟೋ ದಿನ ಕಿವಿ ಅತ್ತಲೇ ಇರುತ್ತಿತ್ತು.

ಮೋರ್ಸ್ ಸಾಹೇಬರ ಬಗ್ಗೆ ಓದಿಕೊಂಡೆ. ಒಬ್ಬ ದೊಡ್ಡ ಸೇನಾನಿಯ ಚಿತ್ರ ಬರೆಯಲು ದೂರದ ಊರಿಗೆ ಹೋಗಿದ್ದಾಗ ಮನೆಯಲ್ಲಿ ಅವರ ಹೆಂಡತಿ ತೀರಿಹೋದರು. ಕುದುರೆಯ ಟಪಾಲು ಸುದ್ದಿ ಮುಟ್ಟಿಸುವ ಹೊತ್ತಿಗೆ, ಅವರು ಓಡಿ ಬರುವ ಹೊತ್ತಿಗೆ, ಮಣ್ಣು ಮಾಡಿ ಆಗಿತ್ತು. ಇದನ್ನು ಓದಿದ ಮೇಲೆ ಆ ಕೈ ನನ್ನ ಕಡೆ ಬಂದಾಗಲೆಲ್ಲ ನನಗೆ ಒಂಥರಾ ಆಗುತ್ತಿತ್ತು. ಅಸಹ್ಯವಲ್ಲ. ಹೆಂಡತಿಯನ್ನು ಕಳೆದುಕೊಂಡ ಯಾರೋ ಹಿರಿಯರು ದೂರದಿಂದ ಬಂದು ನಮ್ಮಲ್ಲಿ ಇಳಿದುಕೊಂಡಿದ್ದಾರೆ, ಅವರಿಗೆ ಬೇಸರವಾಗದಂತೆ ನೋಡಿಕೊಳ್ಳಬೇಕು ಎನ್ನಿಸುತ್ತಿತ್ತು. ಮನೆಯವರ ಸ್ವಂತ ಕೈ ಹಾಗಿರಲಿಲ್ಲ. ನನ್ನ ಹಣೆಯ ಕುಂಕುಮ ಎಲ್ಲಾದರೂ ಹರಡಿದ್ದರೆ ಹೆಬ್ಬೆರಳಿನಿಂದ ಒರೆಸಿ ದುಂಡಗೆ ಮಾಡುತ್ತಿದ್ದರು, ದಾರಿಯಲ್ಲಿ ಹೋಗುತ್ತ, ಮಾತಿನ ನಡುವೆ. ಈ ಕೈ ನನ್ನ ಮುಖದ ಹತ್ತಿರ ಬಂದು ಅಳತೆ ತೆಗೆದಂತೆ ನಿಲ್ಲುತ್ತಿತ್ತು, ಮುಟ್ಟುತ್ತಿರಲಿಲ್ಲ.

ಒಂದು ದಿನ ಕೆಲಸದಿಂದ ಬಂದು ನೋಡಿದರೆ ಮನೆಯವರು ಬಲಗೈಯನ್ನು ಎಡಗೈಯಿಂದ ಹೊಡೆಯುತ್ತ ಕೂತಿದ್ದರು.

"ಬ್ಯಾಡ," ಎಂದರು. "ಬ್ಯಾಡ. ಬ್ಯಾಡ ನೀಲಿ."

ಮರುದಿನ ನಾನು ಡಾಕ್ಟರ ಮುಂದೆ ನಿಂತೆ.

"ಅವರದ ಕೈ ಅವರಿಗೆ ಕೊಡಾಕ ಬರೂದಿಲ್ಲೇನ್ರಿ?"

"ಬರತೈತಿ," ಎಂದರು. "ಅವರು ಮಾಡಿದ ಕೆಲಸ ಊರ ತುಂಬ ಇದ್ದರ ಬರತೈತಿ. ಆದರ ನೀಲಾ, ನರ ಎರಡ ಸಲ ಕಲೀತೈತಿ. ಮೂರನೇ ಸಲಕ್ಕ ಸುಟ್ಟು ಹೋಗತೈತಿ, ಕೈ ಕಾಯಂ ಹೋಗತೈತಿ. ಇದ ಕಡೀದು. ವಿಚಾರ ಮಾಡ್ರಿ."

ವಿಚಾರ ಮಾಡಿದೆ. ಮನೆಯವರನ್ನು ಕೇಳಿದೆ. ಅವರು ನಾನು ಮಾತು ಮುಗಿಸುವ ಮೊದಲೇ "ಹೌದು" ಎಂದರು.

ಕೈಯಲ್ಲಿ ಹಿಡಿಯುವ ಸ್ಕ್ಯಾನರನ್ನು ಕೇಂದ್ರದಿಂದ ತಂದು, ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಗದಗ-ಬೆಟಗೇರಿ ಎಲ್ಲ ಸುತ್ತಿದೆ. ಲಕ್ವಾ ಹೊಡೆದ ಮೇಲೆ ನಾವು ಕಂಡ ಒಳ್ಳೆಯ ದಿನಗಳು ಅವೇ. ಹಿಟ್ಟಿನ ಗಿರಣಿ, ಸೈಕಲ್ ಅಂಗಡಿ, ಶುದ್ಧ ಶಾಕಾಹಾರಿ ಖಾನಾವಳಿ, ಹೆಣ್ಣುಮಕ್ಕಳ ಶಾಲೆಯ ಗೋಡೆ, ಕಬ್ಬಿನ ಹಾಲಿನ ಗಾಡಿ. ಎಲ್ಲದರ ಮೂಲೆಯಲ್ಲೂ ಸಣ್ಣಗೆ 'ಕಲ್ಮೇಶ್ವರ ಆರ್ಟ್ಸ್, ಗದಗ' ಎಂದಿತ್ತು. ಅಷ್ಟಕ್ಕೇ ನಾನು ನಂಬಲಿಲ್ಲ. ಪ್ರತಿ ಬೋರ್ಡಿನ ಮುಂದೆ ಆಟೋ ನಿಲ್ಲಿಸಿ ಕೇಳಿದೆ: "ಇದು ನಿಮ್ಮ ಕೈಲೆ ಬರದದ್ದ ಹೌದಲ್ಲೇನ್ರಿ?" ಅವರು ಬೋರ್ಡನ್ನು ನೋಡುತ್ತಿದ್ದರು, ಮುಖ ಅರಳುತ್ತಿತ್ತು, ತಲೆಯಾಡಿಸುತ್ತಿದ್ದರು. ಒಂದಕ್ಕೂ 'ಬ್ಯಾಡ' ಎನ್ನಲಿಲ್ಲ.

ಗಿರಣಿಯ ಮಾಲೀಕ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಗುರುಪಾದಣ್ಣಾ, ಬಂದ್ಯಾ? 'ಪ್ರೊಪ್ರೈಟರ್' ಅಂತ ಅಷ್ಟ ದೊಡ್ಡದ ಬರದು ನನ್ನ ಹೆಸರು ಇರಿವಿ ಹಂಗ ಬರದೀರಿ. ಜಾಗಾ ಸಾಲಲಿಲ್ಲ ಅಂದಿ. ಈಗರ ಮಾಫಿ ಕೇಳು!"

ಮನೆಯವರು ನಕ್ಕರು. ಅರ್ಧ ಬಾಯಿಯ ನಗು, ಆದರೂ ಗಟ್ಟಿ ನಗು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಸ್ಕ್ಯಾನ್‌ಗಳನ್ನು ಯಂತ್ರಕ್ಕೆ ಕೊಟ್ಟು ಪರದೆಯ ಮುಂದೆ ನಾನೇ ಕೂತೆ. ನನ್ನದು ಅನುಮಾನದ ಜೀವ, ಒಂದನ್ನು ಮೂರು ಸಲ ನೋಡುತ್ತೇನೆ. ಅಕ್ಷರಗಳ ಅಂಚಿನಲ್ಲಿ ಜಾಡು ದಟ್ಟವಾಗಿತ್ತು. ಕುಂಚ ಇಳಿದ ಕಡೆ, ತಿರುಗಿದ ಕಡೆ, ಎತ್ತಿದ ಕಡೆ, ಎಲ್ಲವೂ ಸ್ಪಷ್ಟ. ಅಂಚಿನ ಒಳಗೆ ತುಂಬಿದ ಬಣ್ಣದಲ್ಲಿ ಮಾತ್ರ ಏನೂ ಇರಲಿಲ್ಲ. ಆಯಿಲ್ ಪೇಂಟು ಒಣಗುವ ಮೊದಲು ತಾನೇ ಹರಿದು ಸಮವಾಗಿ ಕೂತುಬಿಡುತ್ತದೆ, ಕುಂಚದ ಗುರುತು ಉಳಿಯುವುದಿಲ್ಲ.

"ಮೇಡಂ, ಒಳಗಿನ ಬಣ್ಣನ್ನ ಯಂತ್ರ ಪೂರಾ ಬಿಟ್ಟುಬಿಡ್ತೈತ್ರಿ."

"ಅದರಾಗ ಓದಾಕ ಏನೈತಿ ನೀಲಾ? ಬರೇ ಬಣ್ಣ. ಕೈ ಇರೂದು ಅಂಚಿನ್ಯಾಗ."

ಅವರ ಮಾತು ವಿಜ್ಞಾನದ ಪ್ರಕಾರ ಸರಿಯಾಗಿಯೇ ಇತ್ತು. ಬೋರ್ಡುಗಳೆಲ್ಲ ಒಬ್ಬನೇ ಮನುಷ್ಯನ ಕೈ ಎಂದು ಯಂತ್ರ ಹೇಳಿತು. ಎಲ್ಲೂ ಎರಡನೆಯ ಕೈಯ ಕಲಬೆರಕೆಯಿಲ್ಲ ಎಂದಿತು. ಆ ಸಾಲನ್ನು ಓದಿ ನನ್ನ ಅನುಮಾನ ಕಳೆಯಿತು. ಅಂದು ಕೇಂದ್ರದವರಿಗೆಲ್ಲ ಪೇಢೆ ಹಂಚಿದೆ.

ಎರಡನೆಯ ಸಲದ ಕಲಿಸುವಿಕೆ ಮುಗಿದು ಬ್ಯಾಂಡೇಜು ಬಿಚ್ಚಿದ ದಿನ, ಕೇಂದ್ರದ ಮೇಜಿನ ಮೇಲೆ ಬಿಳಿ ಬಳಿದ ತಗಡು, ಕೆಂಪು ಬಣ್ಣದ ಡಬ್ಬಿ, ಎರಡು ಕುಂಚ ಇಟ್ಟಿದ್ದೆವು. ಡಾಕ್ಟರ್ ಒಂದು ಬದಿಗೆ, ನಾನು ಒಂದು ಬದಿಗೆ. ಮನೆಯವರು ಕುಂಚ ಎತ್ತಿದರು. ಲಕ್ವಾ ಹೊಡೆದೇ ಇಲ್ಲವೇನೋ ಎಂಬಷ್ಟು ಸಲೀಸಾಗಿ ಎತ್ತಿದರು. ಒಂದೇ ಉಸಿರಿಗೆ, ಎಲ್ಲೂ ನಿಲ್ಲದೆ, ದೊಡ್ಡದೊಂದು 'ಶ್ರೀ' ಅಕ್ಷರದ ಹೊರಗೆರೆ ಬರೆದರು. ದುಂಡನೆಯ ಸುತ್ತು, ಒಂದೇ ದಪ್ಪದ ಗೆರೆ, ಊರೆಲ್ಲ ನೋಡಿದ್ದ ಅದೇ ಶ್ರೀ.

ಡಾಕ್ಟರ್ ಚಪ್ಪಾಳೆ ತಟ್ಟಿದರು. ನಾನು ಅಳುತ್ತಿದ್ದೆ.

"ಇನ್ನ ಬಣ್ಣ ತುಂಬ್ರಿ," ಎಂದೆ.

ಕೈ ತುಂಬಲಿಲ್ಲ. ಕುಂಚವನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟಿತು. ಅರಿವೆಗೆ ಬೆರಳು ಒರೆಸಿತು. ಆಮೇಲೆ ತಗಡಿನ ಅಂಚು ಹಿಡಿದು, ಅದನ್ನು ಎಡಕ್ಕೆ, ಮೇಜಿನ ಖಾಲಿಯಿದ್ದ ಕಡೆಗೆ ಸರಿಸಿತು. ಅಲ್ಲಿ ಕೂತ ಯಾರೋ ಅದನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ ಎಂಬ ಹಾಗೆ, ಕಾದು ನಿಂತಿತು.

ಮನೆಯವರು ಆ ಕೈಯನ್ನೇ ನೋಡಿದರು. ಮುಖದ ರಕ್ತವೆಲ್ಲ ಇಳಿಯಿತು.

"ಅಣ್ಣ," ಎಂದರು.

"ಏನಂದ್ರು?" ಎಂದರು ಡಾಕ್ಟರ್.

ನಾನು ಮನೆಯವರ ಮುಂದೆ ಕುಕ್ಕರಗಾಲಲ್ಲಿ ಕೂತೆ. "ಗೆರಿ ಭಾವನವರು ಬರೀತಿದ್ರೇನ್ರಿ?"

"ಹೌದು."

"ಎಲ್ಲಾ ಬೋರ್ಡಿಗೂ?"

"ಹೌದು."

"ನೀವು ಒಳಗ ಬಣ್ಣ ತುಂಬತಿದ್ರಿ."

ಅವರು ಎಡಗೈಯಿಂದ ತಮ್ಮ ಎದೆ ಮುಟ್ಟಿಕೊಂಡರು.

ನನಗೇ ತಿಳಿಯದಂತೆ ನನ್ನ ಕೈ ಹಿಂದಕ್ಕೆ ಹೋಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತ್ತು. ಡಾಕ್ಟರ್ ನನ್ನನ್ನು ವಿಚಿತ್ರವಾಗಿ ನೋಡಿದರು. ಅವರಿಗೆ ಅರ್ಥವಾಗಲಿಲ್ಲ. ಮನೆಯವರಿಗೆ ಆಯಿತು. ಬಲಗೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಇಳಿಸಿಕೊಂಡರು.

ನನ್ನ ಗಂಡನ ಕೈ ಊರ ತುಂಬ ಇತ್ತು. ಒಂದೊಂದು ಕೆಂಪು, ಒಂದೊಂದು ನೀಲಿ, ಬಿಸಿಲಿಗೆ ಬಾಡದ ಒಂದೊಂದು ಹಳದಿ, ಎಲ್ಲ ಅವರದೇ. ಆದರೆ ಗುರುತು ಬಿಡದ ಹಾಗೆ ತುಂಬುವುದೇ ಅವರ ಕೆಲಸವಾಗಿತ್ತು, ಅದನ್ನು ಅವರು ಚೆನ್ನಾಗಿ ಮಾಡಿದ್ದರು. ಆಮೇಲಿನ ಸ್ಪ್ರೇ ಪೇಂಟಿನಲ್ಲಂತೂ ಕೈ ಲೋಹವನ್ನು ಮುಟ್ಟುವುದೇ ಇಲ್ಲ. ಓದಲು ಎಲ್ಲೂ ಏನೂ ಉಳಿದಿರಲಿಲ್ಲ. ಉಳಿದಿದ್ದರೂ ಮೂರನೆಯ ಸಲ ಎಂಬುದಿರಲಿಲ್ಲ.

ಮನೆಗೆ ಬಂದ ಮೇಲೆ ಮೊದಲ ದಿನವೇ ಅವರು ಎಡಗೈಯಲ್ಲಿ ಊಟಕ್ಕೆ ಕೂತರು. ಬಲಗೈ ಟವೆಲ್ಲಿನ ಕೆಳಗೆ. ರೊಟ್ಟಿ ಮುರಿಯುವ ರೂಢಿ ಆ ಬಲಗೈಗೆ ಈಗ ಇದ್ದಿರಬೇಕು; ಭಾವನವರಿಗೆ ಬರುತ್ತಿತ್ತಲ್ಲ. ಅವರು ಅದನ್ನು ಹೊರಗೆ ತೆಗೆಯಲಿಲ್ಲ. ನಾನು ನೀರಿನ ತಂಬಿಗೆಯನ್ನು ಅವರ ಕೈಗೆ ಕೊಡದೆ ನೆಲದ ಮೇಲೆ ಇಟ್ಟೆ. ಇಟ್ಟ ಮೇಲೆ ಗಮನಕ್ಕೆ ಬಂತು. ಇಬ್ಬರೂ ತಂಬಿಗೆಯನ್ನೇ ನೋಡುತ್ತ ಕೂತೆವು. ಊರ ಬಾಯಿ ಸುಮ್ಮನಿರುತ್ತದೆಯೇ? ದ್ಯಾಮವ್ವಜ್ಜಿ ಬಾಗಿಲಲ್ಲಿ ನಿಂತು, "ಎಡಗೈಲೆ ಉಣಬ್ಯಾಡಪಾ ಗುರುಪಾದ, ಲಕ್ಷ್ಮಿ ನಿಂದ್ರೂದಿಲ್ಲ. ಬಲಗೈ ಬಂದೈತೆಲ್ಲ?" ಎಂದಳು.

ಅದು ಭಾವನವರ ಕೈ, ಮುಟ್ಟಲಾಗದು ಎಂದಷ್ಟೇ ಡಾಕ್ಟರಿಗೆ ಕೊನೆಗೆ ಹೇಳಬೇಕಾಯಿತು. ಅವರಿಗೆ ಸಿಟ್ಟು ಬಂತೋ, ನೋವಾಯಿತೋ.

"ನೀಲಾ, ನೀವು ಟೆಕ್ನಿಷಿಯನ್ ಇದ್ದೀರಿ. ಅದು ಬರೇ ರೂಢಿ, ಲೆಕ್ಕ. ರಕ್ತ ನಿಮ್ಮ ಗಂಡಂದು, ಎಲುಬು ನಿಮ್ಮ ಗಂಡಂದು. ಎತ್ತು ಅನ್ನೂ ಮನಸು ಅವರದು."

"ಗೊತ್ತೈತ್ರಿ ಮೇಡಂ."

"ಮತ್ತ? ಮೋರ್ಸ್ ಕೈ ಇದ್ದಾಗ ನಿಭಾಯಿಸಿದ್ರಿ. ಅವರು ಪರದೇಶದವರು, ಪರಗಂಡಸು. ನಿಮ್ಮ ಭಾವನವರು ನಿಮ್ಮ ಮನ್ಯಾಗಿನವರ."

"ಮನ್ಯಾಗಿನವರು ಅಂತನ ಆಗವಲ್ದರಿ."

ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ನಾನು ಓದಿದ್ದು ಏನು ಬಂತು ಎಂದು ನನಗೂ ನಾಚಿಕೆಯಾಗಿತ್ತು. ತಂತಿ, ಪ್ರವಾಹ, ರೋಧ ಎಂದು ನಾಲ್ಕು ವರ್ಷ ಕಲಿತವಳು ನಾನು. ಒಂದು ಭಾನುವಾರ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿದೆ. ಮನೆಯವರು ಜಗುಲಿಯ ಮೇಲೆ ಕೂತಿದ್ದರು. ಹತ್ತಿರ ಹೋಗಿ, ತಲೆಯ ಮೇಲಿನ ಸೆರಗು ಕೆಳಗೆ ಬಿಟ್ಟು, ಟವೆಲ್ಲು ಸರಿಸಿ ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದೆ. ಬೆಚ್ಚಗಿತ್ತು. ಹೆಬ್ಬೆರಳ ಬುಡದ ಮಚ್ಚೆ ಅಲ್ಲೇ ಇತ್ತು, ನನ್ನ ಗಂಡನದೇ ಮಚ್ಚೆ. ಕೈ ಒಮ್ಮೆಲೆ ಬಿಗಿಯಿತು. ಬೆರಳುಗಳು ಒಳಗೆ ಮಡಿಚಿಕೊಂಡು ಹಿಂದಕ್ಕೆ ಸರಿದವು, ಮುಟ್ಟಬಾರದ್ದನ್ನು ಮುಟ್ಟಿದವರ ಹಾಗೆ. ಅದನ್ನು ಎಳೆದುಕೊಂಡದ್ದು ಭಾವನವರ ರೂಢಿಯೋ, ನನ್ನ ಗಂಡನ ಮನಸ್ಸೋ ನನಗೆ ತಿಳಿಯಲಿಲ್ಲ.

"ಬ್ಯಾಡ ನೀಲಿ," ಎಂದರು ಮನೆಯವರು. ತಲೆ ತಗ್ಗಿಸಿದ್ದರು.

ಮತ್ತೆ ನಾನು ಆ ಕೈ ಹಿಡಿಯಲಿಲ್ಲ. ಬರೆದು ಮಾತಾಡುವ ಆಸೆಯೂ ಹಾಗೇ ಹೋಯಿತು. ಬರೆಯಲು ಬರುತ್ತದೆ ಈಗ, ಮುದ್ದಾದ ಅಕ್ಷರ. ಒಂದು ಸಲ ಸ್ಲೇಟು ಮುಂದಿಟ್ಟೆ. ಎತ್ತಿಕೊಂಡು ನೋಡಿ, ಕೆಳಗಿಟ್ಟರು. ಹೆಂಡತಿಗೆ ಹೇಳುವ ಮಾತನ್ನು ಆ ಕೈಯಿಂದ ಬರೆಯಿಸಲು ಅವರಿಗೆ ಆಗಲಿಲ್ಲವೆಂದು ಕಾಣುತ್ತದೆ.

ದೀಪಾವಳಿ ಕಳೆದ ಮೇಲೆ ಅವರು ಅಂಗಡಿಯ ಬೀಗದ ಕೈ ಕೇಳಿದರು. ಮಾತಿನಲ್ಲಲ್ಲ, ಅದು ತೂಗುತ್ತಿದ್ದ ಮೊಳೆಯ ಕಡೆ ಬೊಟ್ಟು ಮಾಡಿ. ಕಲ್ಮೇಶ್ವರ ಆರ್ಟ್ಸ್ ಮತ್ತೆ ತೆರೆಯಿತು. ಈಗ ಕೆಲಸ ಬರುತ್ತಿದೆ. ಗಿರಣಿಯವನು ಹೊಸ ಬೋರ್ಡ್ ಬರೆಸಿದ, ಈ ಸಲ ಅವನ ಹೆಸರು ದೊಡ್ಡದು. ಊರವರು ಒಬ್ಬನೇ ಮನುಷ್ಯ ಎರಡೂ ಕೈಯಲ್ಲಿ ಬರೆಯುತ್ತಾನೆಂದು ನೋಡಲು ನಿಲ್ಲುತ್ತಾರೆ.

ನಾನೂ ನೋಡಿದೆ. ಇಷ್ಟು ವರ್ಷ ನೋಡದ್ದನ್ನು ಮೊದಲ ಬಾರಿಗೆ, ರಸ್ತೆಯ ಆಚೆ ಬದಿಯಿಂದ, ಕೇಂದ್ರದಿಂದ ಮನೆಗೆ ಬರುವಾಗ. ಬಲಗೈ ಗೆರೆ ಎಳೆಯುತ್ತದೆ, ತಗಡನ್ನು ಸರಿಸುತ್ತದೆ. ಎಡಗೈ ಕುಂಚ ಅದ್ದಿ ಒಳಗೆ ತುಂಬುತ್ತದೆ, ಮೆಲ್ಲಗೆ, ಅಂಚು ದಾಟದ ಹಾಗೆ. ಎಡಗೈಗೆ ಯಾವ ಯಂತ್ರವೂ ಕಲಿಸಿಲ್ಲ, ಅದು ತಾನೇ ಕಲಿತಿದೆ. ನಡುನಡುವೆ ಮನೆಯವರ ತುಟಿ ಅಲ್ಲಾಡುತ್ತದೆ. ಒಂದು ಸಲ ಬಲಗೈಯನ್ನು ನೋಡಿ ನಕ್ಕರು. ಗಿರಣಿಯ ಮುಂದೆ ನಕ್ಕ ಹಾಗೆ, ಗಟ್ಟಿಯಾಗಿ. ಅಷ್ಟು ಸುಖವಾಗಿ ಅವರು ನನ್ನ ಜೊತೆ ಕೂತದ್ದನ್ನು ಲಕ್ವಾ ಹೊಡೆದ ಮೇಲೆ ನಾನು ಕಂಡಿಲ್ಲ. ಒಳಗೆ ಹೋಗಬೇಕೆನ್ನಿಸಿತು. ಅಣ್ಣತಮ್ಮ ಕೆಲಸದಲ್ಲಿದ್ದಾರೆ, ನಡುವೆ ಹೋಗಬಾರದು ಎಂದೂ ಅನ್ನಿಸಿತು. ಮನೆಗೆ ಬಂದೆ.

ಆವತ್ತು ಸಂಜೆ ಕೇಳಿಯೇಬಿಟ್ಟೆ. "ಒಂದೊಂದ ಬೋರ್ಡ್ ತೋರಿಸಿ ಕೇಳಿದೆ ನಿಮಗ. ಎಲ್ಲಾದಕ್ಕೂ ಗೋಣು ಹಾಕಿದ್ರಿ. ಅವ್ರ ಕೈ ಬರತೈತಿ ಅಂತ ಗೊತ್ತಿತ್ತೇನ್ರಿ ನಿಮಗ?"

ಅವರು ನನ್ನ ಮುಖ ನೋಡಿದರು. ಹೌದು ಎನ್ನಬಹುದಿತ್ತು, ಆ ಪದ ಅವರಿಗೆ ಬರುತ್ತದೆ. ಬ್ಯಾಡ ಎನ್ನಬಹುದಿತ್ತು, ಅದೂ ಬರುತ್ತದೆ.

"ನೀಲಿ," ಎಂದರು.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಿದ್ದೇನೆ, ತಿಳಿದಷ್ಟು. ಉಳಿದದ್ದು ನನಗೆ ತಿಳಿಯದು. ಅಣ್ಣನ ಗೆರೆ, ತಾವು ತುಂಬಿದ ಬಣ್ಣ ಬೇರೆ ಬೇರೆ ಎಂಬುದೇ ಅವರಿಗೆ ಆವತ್ತು ಹೊಳೆಯಲಿಲ್ಲವೋ, ಅಣ್ಣನ ಕೆಲಸವನ್ನು ತಮ್ಮದಲ್ಲ ಎನ್ನಲು ಬಾಯಿ ಬರಲಿಲ್ಲವೋ, ಅಥವಾ ಗೊತ್ತಿದ್ದೇ, ನನಗಿಂತ ಆ ಕೈಯೇ ಬೇಕೆಂದು ಆಟೋದಲ್ಲಿ ಕೂತು ತಲೆಯಾಡಿಸಿದರೋ, ನನಗೆ ಗೊತ್ತಿಲ್ಲ.